ಒಂದು ಟ್ಯಾಂಕು, ಒಂದು ದಿನ: ಮಾಡೆಲ್ ಕಟ್ಟುವ ಮುಂಚಿನ ಹುಡುಕಾಟ

ಹಾಸನದ ಬಿ.ಎಂ. ರಸ್ತೆಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಹಗಲೆಲ್ಲ ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್. ರಾತ್ರಿ ಶಟರ್ ಎಳೆದ ಮೇಲೆ ಅದೇ ಮೇಜಿನ ಮೇಲೆ 1:35 ಅಳತೆಯ, ಅಂದರೆ ನಿಜದ್ದರ 35ರಲ್ಲಿ ಒಂದು ಪಾಲಿನ, ಪ್ಲಾಸ್ಟಿಕ್ ಟ್ಯಾಂಕು. ಮೂರು ವರ್ಷದ ಹಿಂದೆ 1971ರ ಯುದ್ಧದ ನಮ್ಮ ಟಿ-55 ಒಂದನ್ನು ಕಟ್ಟಿ ಮುಗಿಸಿದ್ದೆ. ಜೆರಾಕ್ಸ್ ಮಾಡಿಸಲು ಬಂದಿದ್ದ ಒಬ್ಬರು ನಿವೃತ್ತ ಹವಾಲ್ದಾರರಿಗೆ ಜಂಬದಿಂದ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿ, ಬ್ಯಾರೆಲ್ ಮೇಲೆ ಉಗುರಿನಿಂದ ತಟ್ಟಿದರು. "ಗಾಡಿ ಎಪ್ಪತ್ತೊಂದರದ್ದು, ತೋಪು ಬ್ಯಾರೆ ಕಾಲದ್ದು ಕಣಪ್ಪ."

ದುಡ್ಡು ಕೊಟ್ಟು ತರಿಸಿದ್ದ ಲೋಹದ ಬ್ಯಾರೆಲ್ ಅದು. ಅಂಟಿಸಿದ್ದು, ಉಜ್ಜಿದ್ದು, ಬಣ್ಣ ಹೊಡೆದದ್ದು ಎಲ್ಲ ಚೆನ್ನಾಗೇ ಆಗಿತ್ತು. ಕೆಟ್ಟಿದ್ದು ಅದಕ್ಕೂ ಮುಂಚಿನ ಕೆಲಸ. ಕಿಟ್ ಕಟ್ಟುವುದು ಹೇಗೆ ಅಂತ ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ಯಾವ ಗಾಡಿ, ಯಾವ ವರ್ಷ, ಯಾವ ತೋಪು, ಯಾವ ಮಣ್ಣು ಅಂತ ಹುಡುಕುವುದು ಹೇಗೆ ಅಂತ ನಮ್ಮ ಭಾಷೆಯಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇದು. ಉದಾಹರಣೆಗೆ ಟಿ-55 ಅನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನಾನು ಏಟು ತಿಂದದ್ದು ಅದರಲ್ಲೇ.

ಮೊದಲು ಒಂದು ದಿನ ಗೊತ್ತು ಮಾಡಿ

"ಟಿ-55 ಕಟ್ತೀನಿ" ಅಂತ ಹೊರಟರೆ ಹುಡುಕಾಟ ಮುಗಿಯುವುದೇ ಇಲ್ಲ. ಸೋವಿಯತ್ ಒಕ್ಕೂಟ 1958ರಲ್ಲಿ ಶುರು ಮಾಡಿದ ಗಾಡಿ ಅದು. ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು, ಹೋದಲ್ಲೆಲ್ಲ ಒಂದೊಂದು ಬದಲಾವಣೆ ಆಯಿತು. "ನಮ್ಮ ಸೈನ್ಯದ ಟಿ-55, 1971ರ ಡಿಸೆಂಬರ್, ಢಾಕಾ ಕಡೆ ಹೊರಟದ್ದು" ಅಂತ ಗೆರೆ ಎಳೆದುಕೊಳ್ಳಿ. ಆಗ ನೂರು ಪ್ರಶ್ನೆ ಹತ್ತಕ್ಕೆ ಇಳಿಯುತ್ತದೆ.

ಸಾಧ್ಯವಾದರೆ ಇನ್ನೂ ಕಿರಿದು ಮಾಡಿ, ಒಂದೇ ಒಂದು ಗಾಡಿಗೆ ಬನ್ನಿ. ಇದಕ್ಕೆ ಒಳ್ಳೆಯ ಉದಾಹರಣೆ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಸೆಂಚೂರಿಯನ್. ಪೂನಾ ಹಾರ್ಸ್ ರೆಜಿಮೆಂಟು, ಬಸಂತರ್ ಕದನ, 1971ರ ಡಿಸೆಂಬರ್ 16. ಆ ಟ್ಯಾಂಕಿಗೆ 'ಫಾಮಗುಸ್ತಾ' ಅಂತ ಹೆಸರೂ ಇತ್ತು. 21 ವರ್ಷದ ಹುಡುಗ ಅದರಲ್ಲೇ ಪ್ರಾಣ ಬಿಟ್ಟ, ಪರಮವೀರ ಚಕ್ರ ಬಂತು. ಗಾಡಿ, ದಿನ, ಜಾಗ, ಒಳಗೆ ಕೂತಿದ್ದವರು, ಎಲ್ಲ ದಾಖಲೆಯಲ್ಲಿ ಇದೆ. ಇಷ್ಟು ಸಿಕ್ಕರೆ ಅರ್ಧ ದಾರಿ ನಡೆದಂತೆ.

ಹೊಸಬರಾದರೆ ನನ್ನ ಸಲಹೆ ಬೇರೆ. ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದಿಂದ ವಶಪಡಿಸಿಕೊಂಡ ಅಮೆರಿಕದ ಪ್ಯಾಟನ್ ಟ್ಯಾಂಕು ಒಂದನ್ನು ಕಟ್ಟಿ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ, ಪಂಜಾಬಿನ ಖೇಮ್ ಕರಣ್ ಹತ್ತಿರ ನಡೆದ ಕಾಳಗ. ಕೈಗೆ ಸಿಕ್ಕ ಪ್ಯಾಟನ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು. ನಿಂತ ಗಾಡಿಯನ್ನು ಬಂದವರೆಲ್ಲ ಸುತ್ತಲಿಂದ ಫೋಟೊ ತೆಗೆದಿದ್ದಾರೆ. ಓಡುವ ಗಾಡಿಗೆ ಆ ಭಾಗ್ಯ ಇಲ್ಲ. ಅದೇ ಕಾಳಗದಲ್ಲಿ ನಮ್ಮ ಕಡೆ ಮೂರು ಥರದ ಟ್ಯಾಂಕು ಇದ್ದವು: 3 ಕ್ಯಾವಲ್ರಿಯ ಸೆಂಚೂರಿಯನ್, ಡೆಕ್ಕನ್ ಹಾರ್ಸ್‌ನ ಶೆರ್ಮನ್, 8 ಕ್ಯಾವಲ್ರಿಯ ಎಎಂಎಕ್ಸ್-13. ಹೀಗೆ ರೆಜಿಮೆಂಟಿನ ಹೆಸರು ಹಿಡಿದರೆ ಗಾಡಿ ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ಗಾಡಿ ಹಿಡಿದು ರೆಜಿಮೆಂಟ್ ಹುಡುಕುವುದು ಕಷ್ಟ.

ನಮ್ಮ ಪಕ್ಕದ ಕೊಡಗಿನ ನಂಟು ಬೇಕು ಅನ್ನುವವರಿಗೆ ಇನ್ನೊಂದು ವಿಷಯ ಇದೆ. 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿಲಾ ಕಣಿವೆಯಲ್ಲಿ ಮೇಜರ್ ಜನರಲ್ ತಿಮ್ಮಯ್ಯ ಟ್ಯಾಂಕು ಹತ್ತಿಸಿದ ಕಥೆ. 7 ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು, 11,000 ಅಡಿಗೂ ಮೇಲೆ. ಗುಟ್ಟು ಬಯಲಾಗಬಾರದು ಅಂತ ದಾರಿಯಲ್ಲಿ ಟರೆಟ್ (ತೋಪು ಕೂತ, ತಿರುಗುವ ಮೇಲ್ಭಾಗ) ಬಿಚ್ಚಿ, ಮೇಲೆ ಟಾರ್ಪಾಲ್ ಹೊದಿಸಿ ಸಾಗಿಸಿದ್ದರು. ಆ ದಾರಿಯ ದೃಶ್ಯ ಕಟ್ಟಿದರೆ ಅರ್ಧ ಟ್ಯಾಂಕು ಟಾರ್ಪಾಲಿನ ಕೆಳಗೇ ಹೋಗುತ್ತದೆ. ಸೋಮಾರಿಗಳಿಗೆ ಹೇಳಿ ಮಾಡಿಸಿದ ವಿಷಯ ಅಂತ ನನ್ನ ತಮಾಷೆ.

ಒಂದು ಲೆಕ್ಕದ ಪುಸ್ತಕ, ಮೂರು ಕಾಲಂ

ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತುಂಬಿಕೊಂಡರೆ ಅದು ಹುಡುಕಾಟ ಆಗುವುದಿಲ್ಲ. ನಾನು ಮೊದಲು ಮಾಡಿದ್ದು ಅದನ್ನೇ. ನಾಲ್ಕುನೂರು ಫೋಟೊ ಇತ್ತು, ಯಾವುದು ಎಲ್ಲಿಂದ ಬಂತು ಅಂತ ಒಂದರದ್ದೂ ಗೊತ್ತಿರಲಿಲ್ಲ. ಈಗ ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಮೂರು ಕಾಲಂ ಎಳೆದಿದ್ದೇನೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಫೋಟೊದಲ್ಲಿ ಕಣ್ಣಾರೆ ಕಂಡದ್ದು ಮೊದಲನೆಯದರಲ್ಲಿ. ಯಾರೋ ಹೇಳಿದ್ದು, ಪುಸ್ತಕದಲ್ಲಿ ಓದಿದ್ದು ಎರಡನೆಯದರಲ್ಲಿ. "ಹೀಗಿದ್ದಿರಬೇಕು" ಅಂತ ನನಗೆ ಅನಿಸಿದ್ದು ಮೂರನೆಯದರಲ್ಲಿ, ಪೆನ್ಸಿಲ್‌ನಲ್ಲಿ. ಮೂರನೇ ಕಾಲಂನದು ಯಾವಾಗಲೂ ಎರಡನೆಯದಕ್ಕೆ ನುಸುಳಲು ನೋಡುತ್ತಿರುತ್ತದೆ. ಬ್ಯಾರೆಲ್ ವಿಷಯದಲ್ಲಿ ನನಗೆ ಆದದ್ದೇ ಅದು. ಊಹಿಸಿದ್ದನ್ನು ನಾಲ್ಕು ತಿಂಗಳಾದ ಮೇಲೆ ಎಲ್ಲೋ ಓದಿದ್ದೆ ಅಂದುಕೊಂಡಿದ್ದೆ.

ಪ್ರತಿ ಸಾಲಿನ ಮುಂದೆ ಫೋಟೊ ಎಲ್ಲಿ ಸಿಕ್ಕಿತು, ಯಾವತ್ತು ನೋಡಿದೆ ಅಂತ ಬರೆಯಿರಿ. ಬೇಜಾರಿನ ಕೆಲಸ, ಆದರೂ ಮಾಡಿ.

ಗಾಡಿಯ ಜಾತಕ

ಕಿಟ್ ಕೊಳ್ಳುವ ಮುಂಚೆಯೇ ಇದು ಆಗಬೇಕು. ಟಿ-54, ಟಿ-55, ಟಿ-55ಎ, ಚೀನಾದ ಟೈಪ್ 59, ಟಿ-62, ಎಲ್ಲ ದೂರದಿಂದ ಒಂದೇ ತಾಯಿ ಮಕ್ಕಳು. ಹಳೇಬೀಡಿನ ಗುಡಿಯ ಬುಡದಲ್ಲಿ ಸಾಲು ಹಿಡಿದ ಆನೆಗಳು ಇವೆಯಲ್ಲ, ಹಾಗೆ. ಸುಮ್ನೆ ನೋಡಿದರೆ ಒಂದೇ ಅಚ್ಚು, ಕೂತು ನೋಡಿದರೆ ಒಂದರ ಸೊಂಡಿಲು ಇನ್ನೊಂದರ ಥರ ಇಲ್ಲ.

ನೋಡಬೇಕಾದ ಜಾಗಗಳು ಇವು. ಚಕ್ರದಿಂದ ಶುರು ಮಾಡಿ. ಪಕ್ಕದಿಂದ ಐದು ದೊಡ್ಡ ಚಕ್ರ ಕಾಣುತ್ತವೆ. ಒಂದನೇ ಮತ್ತು ಎರಡನೇ ಚಕ್ರದ ನಡುವೆ ಜಾಸ್ತಿ ಸಂದಿ ಇದ್ದರೆ ಟಿ-54 ಅಥವಾ ಟಿ-55. ಮುಂದಿನ ಮೂರು ಹತ್ತಿರ ಹತ್ತಿರ ಇದ್ದು ಹಿಂದಿನವುಗಳ ನಡುವೆ ಸಂದಿ ಇದ್ದರೆ ಟಿ-62. ಆಮೇಲೆ ಟರೆಟ್ ಮೇಲೆ, ಬಲಗಡೆಯ ಹ್ಯಾಚ್ (ಒಳಗಿಳಿಯುವ ಮುಚ್ಚಳ) ಮುಂದೆ ನೋಡಿ. ಅಲ್ಲಿ ಅಣಬೆಯ ಟೋಪಿಯಂಥ ಗಾಳಿಗಿಂಡಿ ಇದ್ದರೆ ಟಿ-54 ಅಥವಾ ಟೈಪ್ 59. ಟೈಪ್ 59 ಅನ್ನುವುದು ಟಿ-54ರ ಚೀನೀ ನಕಲು, ಪಾಕಿಸ್ತಾನದ ಕಡೆ ಇದ್ದದ್ದು ಅದು. ಗಾಳಿಗಿಂಡಿ ಇಲ್ಲದಿದ್ದರೆ ಟಿ-55.

ಇನ್ನು ಮುಂಭಾಗದ ಇಳಿಜಾರು ತಟ್ಟೆ. ಅದರ ಮಧ್ಯದಲ್ಲಿ ಸಣ್ಣದೊಂದು ತೂತು ಇದೆಯಾ ನೋಡಿ. ಡ್ರೈವರ್ ಹಾರಿಸುವ ಮಷಿನ್‌ಗನ್ನಿನ ಕಂಡಿ ಅದು. ಟಿ-55ರಲ್ಲಿ ಇರುತ್ತದೆ, ಟಿ-55ಎ ಬಂದಾಗ ತೆಗೆದುಬಿಟ್ಟರು. ತಮಿಯಾ ಕಂಪನಿಯ 1:35ರ ಕಿಟ್ ಟಿ-55ಎ. ಉಕ್ರೇನಿನ ಮಿನಿಆರ್ಟ್ ಕಂಪನಿ ಟಿ-54, ಟಿ-55ರ ಹಲವು ಅವತಾರ ಮಾಡುತ್ತದೆ. ಡಬ್ಬದ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ, ಆ 'ಎ' ಅಕ್ಷರ ಇದೆಯೋ ಇಲ್ಲವೋ ನೋಡಿ. ಟಿ-55ಎ ತಂದುಬಿಟ್ಟಿದ್ದರೂ ಅಳಬೇಕಿಲ್ಲ. ಅರ್ಧ ಮಿ.ಮೀ. ಡ್ರಿಲ್ಲಿನಿಂದ ತೂತು ಕೊರೆಯಿರಿ, ಹ್ಯಾಚ್ ಸುತ್ತ ದಪ್ಪಗಿರುವ ಅಂಚನ್ನು ಉಜ್ಜಿ ತಗ್ಗಿಸಿ. ಒಂದು ಸಂಜೆಯ ಕೆಲಸ.

ಫೋಟೊ ಓದುವುದು

ಹುಡುಕಾಟದ ಮುಕ್ಕಾಲು ಪಾಲು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಒಂದು ಒಳ್ಳೆಯ ಫೋಟೊ ಸಿಕ್ಕಿತು ಅಂದುಕೊಳ್ಳಿ. ಮೊದಲು ಅದರ ಹುಟ್ಟೂರು ಹುಡುಕಿ. ಗೂಗಲ್‌ನಲ್ಲಿ ಚಿತ್ರವನ್ನೇ ಹಾಕಿ ಹುಡುಕಿದರೆ ಅದೇ ಫೋಟೊದ ಹತ್ತು ಪ್ರತಿ ಸಿಗುತ್ತವೆ. ಅವುಗಳಲ್ಲಿ ಅತಿ ದೊಡ್ಡದು, ಅತಿ ಹಳೆಯದು ಯಾವುದೋ ಅದು ನಿಮಗೆ ಬೇಕು. ಅದರ ಅಂಚು ಕತ್ತರಿಸಿರುವುದಿಲ್ಲ, ಮೂಲದ ಅಡಿಬರಹವೂ ಸಿಗಬಹುದು. ಫಾರ್ವರ್ಡ್ ಆಗಿ ಬಂದ ಪ್ರತಿಯ ಅಡಿಬರಹ ನಂಬಬೇಡಿ. 1965ರ ಫೋಟೊಗೆ 1971 ಅಂತ, ಪಾಕಿಸ್ತಾನದ ಗಾಡಿಗೆ ನಮ್ಮದು ಅಂತ ಬರೆದದ್ದು ನಾನೇ ಎಷ್ಟೋ ನೋಡಿದ್ದೇನೆ.

ಎರಡನೆಯದು, ಫೋಟೊ ಎಡಬಲ ತಿರುಗಿದೆಯಾ? ಹಳೇ ನೆಗೆಟಿವ್ ಉಲ್ಟಾ ಇಟ್ಟು ಅಚ್ಚು ಹಾಕಿದ್ದು ಬೇಕಾದಷ್ಟಿವೆ. ಟಿ-55ರಲ್ಲಿ ಕಂಡುಹಿಡಿಯುವುದು ಸುಲಭ. ಡ್ರೈವರ್ ಕೂರುವುದು ಎಡಕ್ಕೆ. ಹೊಗೆ ಕೊಳವೆ ಎಡಗಡೆ ಹಿಂದಿನ ಮಡ್‌ಗಾರ್ಡ್ ಮೇಲೆ. ಮುಂದಿನ ಹೆಡ್‌ಲೈಟ್ ಗುಂಪು ಬಲಕ್ಕೆ. ಇದು ತಲೆಕೆಳಗಾಗಿದ್ದರೆ ಫೋಟೊ ತಿರುಗಿದೆ ಅಂತ ಅರ್ಥ. ಎಡ, ಬಲ ಅಂದರೆ ಒಳಗೆ ಕೂತವನ ಎಡ, ಬಲ, ನೆನಪಿರಲಿ.

ಮೂರನೆಯದು ನನ್ನ ಬ್ಯಾರೆಲ್ ಕಥೆ. ತೋಪು ಹಾರಿಸಿದಾಗ ನಳಿಗೆಯಲ್ಲಿ ಹೊಗೆ ತುಂಬುತ್ತದೆ. ಹಿಂದಿನ ಬಾಗಿಲು ತೆಗೆದ ತಕ್ಷಣ ಅದು ಟರೆಟ್ ಒಳಗೆ ನುಗ್ಗಿದರೆ ಒಳಗಿದ್ದವರು ಕೆಮ್ಮಿ ಸಾಯಬೇಕು. ಅದಕ್ಕೆ ನಳಿಗೆಯ ಸುತ್ತ ಒಂದು ಡ್ರಮ್ ಇರುತ್ತದೆ. ಗುಂಡು ಹಾದುಹೋಗುವಾಗ ಒತ್ತಡದ ಗಾಳಿ ಈ ಡ್ರಮ್ಮಿಗೆ ತುಂಬಿಕೊಳ್ಳುತ್ತದೆ. ಗುಂಡು ಹೊರಬಿದ್ದ ಮೇಲೆ ಆ ಗಾಳಿ ಮೂತಿಯ ಕಡೆ ನುಗ್ಗಿ, ಹೊಗೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಟಿ-55ರ 100 ಮಿ.ಮೀ. ತೋಪಿನಲ್ಲಿ ಈ ಡ್ರಮ್ ಇರುವುದು ಮೂತಿಯ ತುದಿಯಲ್ಲಿ. ಬ್ರಿಟಿಷರ 105 ಮಿ.ಮೀ. ಎಲ್7 ತೋಪಿನಲ್ಲಿ ನಳಿಗೆಯ ನಡುವೆ.

1971ರ ನಮ್ಮ ಟಿ-55ರ ಫೋಟೊದಲ್ಲಿ ನಳಿಗೆಯ ನಡುವೆ ಉಬ್ಬು ಕಂಡಿತು. ನಮ್ಮ ಸೈನ್ಯ ಮುಂದೆ ಟಿ-55ಗೆ 105 ಮಿ.ಮೀ. ತೋಪು ಹಾಕಿದ್ದು ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ, "ಆಹಾ, ಇದು 105" ಅಂತ ತೀರ್ಮಾನ ಮಾಡಿ ಬ್ಯಾರೆಲ್ ತರಿಸಿದೆ. ಹವಾಲ್ದಾರರು ನಕ್ಕರು. "ಅದು ಡೂಪು ಕಣಪ್ಪ. ಒಳಗೆ ಏನೂ ಕೆಲಸ ಇಲ್ಲ ಅದಕ್ಕೆ. ಅವರ ಗಾಡಿನೂ ನಮ್ ಗಾಡಿನೂ ಒಂದೇ ಥರ ಕಾಣ್ತಿತ್ತಲ್ಲ, ನಮ್ಮವ್ರೇ ನಮ್ಮವ್ರಿಗೆ ಹೊಡೀಬಾರ್ದು ಅಂತ ಹಾಕಿದ್ದು."

ಮನೆಗೆ ಹೋಗಿ ಫೋಟೊ ಮತ್ತೆ ದೊಡ್ಡದು ಮಾಡಿ ನೋಡಿದೆ. ನಡುವಿನ ಉಬ್ಬು ಇದೆ, ಮೂತಿಯಲ್ಲೂ ಇನ್ನೊಂದು ಇದೆ! ಎರಡು ಉಬ್ಬು. ಮೂತಿಯದ್ದು ಅಸಲಿ, ನಡುವಿನದ್ದು ಸುಳ್ಳು. ಆ ಕಡೆಯ ಟೈಪ್ 59, ಈ ಕಡೆಯ ಟಿ-54, ಟಿ-55 ಧೂಳಿನಲ್ಲಿ ಬೇರೆ ಮಾಡಿ ನೋಡಲು ಆಗದು ಅಂತ ಹಾಕಿಸಿದ ಗುರುತು ಅದು. ಆ ಫೋಟೊವನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಆದರೆ ನಡುವಿನ ಉಬ್ಬು ಕಂಡ ಖುಷಿಯಲ್ಲಿ ಮೂತಿಯ ತನಕ ಕಣ್ಣು ಹೋಗಿರಲೇ ಇಲ್ಲ. ಈಗ ನನ್ನ ಪುಸ್ತಕದಲ್ಲಿ ಬರೆದಿದೆ: ಎರಡು ಉಬ್ಬು ಇದ್ದರೆ 1971ರ ವೇಷ, ನಡುವೆ ಒಂದೇ ಇದ್ದರೆ ಆಮೇಲಿನ 105.

ಸೆಂಚೂರಿಯನ್ ಕಟ್ಟುವವರಿಗೂ ಇದೇ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಅದಕ್ಕೆ 105ಕ್ಕಿಂತ ಮುಂಚೆ ಇದ್ದ 20 ಪೌಂಡರ್ ತೋಪಿನಲ್ಲಿ ಎರಡು ಥರ. ಹಳೆಯದಕ್ಕೆ ಡ್ರಮ್ಮೇ ಇಲ್ಲ, ಹೊಸದಕ್ಕೆ ನಳಿಗೆಯ ಸುತ್ತ ಸಮನಾಗಿ ಕೂತ ಡ್ರಮ್. 105 ಬಂದಾಗ ಡ್ರಮ್ ಒಂದು ಪಕ್ಕಕ್ಕೆ ಸರಿದು ಕೂತಂತೆ ಕಾಣುತ್ತದೆ. ಪುಸ್ತಕಗಳು ಒಂದೊಂದು ಹೇಳಲಿ, ನಿಮ್ಮ ಗಾಡಿಯ ಫೋಟೊದಲ್ಲಿ ಡ್ರಮ್ ಹೇಗಿದೆಯೋ ಅದನ್ನು ಮಾಡಿ.

ಚಲಿಸುವ ಚಿತ್ರವನ್ನೂ ಬಿಡಬೇಡಿ. ಆ ಕಾಲದ ಸುದ್ದಿಚಿತ್ರಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ವೇಗ ತಗ್ಗಿಸಿ, ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿ. ಫೋಟೊಗ್ರಾಫರ್ ಚೆಂದ ಅಂತ ಎದುರಿನಿಂದ ತೆಗೆಯುತ್ತಾನೆ, ಹಿಂಭಾಗ ಯಾರಿಗೂ ಬೇಡ. ಸುದ್ದಿಚಿತ್ರದಲ್ಲಿ ಗಾಡಿ ಹಾದುಹೋಗುವಾಗ ಒಂದೆರಡು ಸೆಕೆಂಡು ಹಿಂಭಾಗ ಕಾಣುತ್ತದೆ. ಹಿಂದಿನ ಎಣ್ಣೆ ಡ್ರಮ್ ಇತ್ತೋ ಇಲ್ಲವೋ, ಮರದ ದಿಮ್ಮಿ ಕಟ್ಟಿದ್ದರೋ ಇಲ್ಲವೋ ನನಗೆ ಗೊತ್ತಾದದ್ದು ಹಾಗೆ. ಸಿನಿಮಾ ನೋಡಿ ಮಾತ್ರ ಕಟ್ಟಬೇಡಿ. ಶೂಟಿಂಗಿಗೆ ಸಿಕ್ಕ ಟ್ಯಾಂಕು ತರುತ್ತಾರೆ, ಕಥೆಯ ಟ್ಯಾಂಕು ಅಲ್ಲ.

ಅಳತೆ ತೆಗೆಯಲು ಒಂದು ಚಕ್ರ ಸಾಕು

ಟಿ-55ರ ದೊಡ್ಡ ಚಕ್ರದ ಅಡ್ಡಳತೆ 810 ಮಿ.ಮೀ. ಈ ಒಂದು ಅಂಕಿ ಗೊತ್ತಿದ್ದರೆ ಫೋಟೊವೇ ಸ್ಕೇಲು. ಉದಾಹರಣೆಗೆ, ಪ್ರಿಂಟ್ ಹಾಕಿದ ಫೋಟೊದಲ್ಲಿ ಚಕ್ರ 18 ಮಿ.ಮೀ. ಇದೆ, ನಿಮಗೆ ಬೇಕಾದ ಪೆಟ್ಟಿಗೆ 14 ಮಿ.ಮೀ. ಇದೆ ಅಂದುಕೊಳ್ಳಿ. 810ನ್ನು 18ರಿಂದ ಭಾಗಿಸಿ 14ರಿಂದ ಗುಣಿಸಿ, 630. ಅಂದರೆ ಪೆಟ್ಟಿಗೆಯ ನಿಜವಾದ ಉದ್ದ 630 ಮಿ.ಮೀ., 35ರಿಂದ ಭಾಗಿಸಿದರೆ ಮಾಡೆಲ್‌ನಲ್ಲಿ 18 ಮಿ.ಮೀ. ಪಕ್ಕದಿಂದ ನೇರವಾಗಿ ತೆಗೆದ ಫೋಟೊಗೆ ಮಾತ್ರ ಇದು ಸರಿ. ಓರೆಯಾಗಿ ತೆಗೆದದ್ದರಲ್ಲಿ ಚಕ್ರ ಮೊಟ್ಟೆಯಂತೆ ಕಾಣುತ್ತದೆ. ಆಗ ಚಕ್ರದ ಎತ್ತರ ಅಳೆಯಿರಿ, ಅಗಲ ಅಲ್ಲ. ಆ ಲೆಕ್ಕವೂ ಆ ಚಕ್ರದಷ್ಟೇ ದೂರ ಇರುವ ವಸ್ತುವಿನ ಎತ್ತರಕ್ಕೆ ಮಾತ್ರ ಹೊಂದುತ್ತದೆ. ಕ್ಯಾಮೆರಾ ಕಡೆ ಚಾಚಿದ ಬ್ಯಾರೆಲ್ ಯಾವಾಗಲೂ ದಪ್ಪವಾಗಿ, ಮೋಸದಿಂದ ಕಾಣುತ್ತದೆ.

ಪುಸ್ತಕದಲ್ಲಿ ಸಿಗುವ ನಕ್ಷೆಗಳು ಬೇರೆ ಬೇರೆ ಅಳತೆಯಲ್ಲಿ ಇರುತ್ತವೆ. ಇದು ನನ್ನ ಕಸುಬಿನ ವಿಷಯ, ಕೇಳಿ. 1:72ರ ನಕ್ಷೆಯನ್ನು 1:35ಕ್ಕೆ ತರಲು ಜೆರಾಕ್ಸ್ ಯಂತ್ರದಲ್ಲಿ 206 ಶೇಕಡಾ ಇಡಬೇಕು. 1:76 ಆದರೆ 217. 1:48 ಆದರೆ 137. ಯಂತ್ರ ಕಾಗದ ಎಳೆದುಕೊಳ್ಳುವ ದಿಕ್ಕಿನಲ್ಲಿ ಒಂದು ಕೂದಲಷ್ಟು ಹಿಗ್ಗಿಸುವುದುಂಟು. ಅದಕ್ಕೆ ನಕ್ಷೆಯ ಪಕ್ಕ ಅಡ್ಡಕ್ಕೊಂದು, ಉದ್ದಕ್ಕೊಂದು ಸ್ಕೇಲು ಇಟ್ಟು ಜೆರಾಕ್ಸ್ ಮಾಡಿಸಿ. ಪ್ರತಿಯಲ್ಲಿ ಎರಡೂ ಸ್ಕೇಲು ಒಂದೇ ಸಮ ಹಿಗ್ಗಿದ್ದರೆ ನಕ್ಷೆ ನಂಬಬಹುದು. ಅಂಗಡಿಯವನು ಹುಚ್ಚು ಅಂದುಕೊಳ್ಳುತ್ತಾನೆ, ಅಂದುಕೊಳ್ಳಲಿ.

ಕಟ್ಟೆಯ ಮೇಲೆ ನಿಂತ ಟ್ಯಾಂಕು

ನಿಜವಾದ ಟ್ಯಾಂಕು ಮುಟ್ಟಿ ನೋಡದೆ ಕಟ್ಟಬಾರದು ಅನ್ನುವುದು ನನ್ನ ಹಟ. ಹಾಸನ, ಚಿಕ್ಕಮಗಳೂರಿನವರಿಗೆ ಹತ್ತಿರದ್ದು ಮಡಿಕೇರಿ. ಜನರಲ್ ತಿಮ್ಮಯ್ಯನವರು ಬಾಳಿದ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ, 2021ರ ಫೆಬ್ರವರಿಯಲ್ಲಿ ಉದ್ಘಾಟನೆ ಆದದ್ದು. ಅದರ ಅಂಗಳದಲ್ಲಿ ಯುದ್ಧ ಟ್ಯಾಂಕು ಇದೆ. ಸಕಲೇಶಪುರದ ಕಡೆಯಿಂದ ಶನಿವಾರಸಂತೆ, ಸೋಮವಾರಪೇಟೆ ಮೇಲೆ ಹೋದರೆ ದಾರಿಯೂ ಚೆಂದ. ರಜೆ, ದುಡ್ಡು ಎರಡೂ ಇದ್ದರೆ ಮಹಾರಾಷ್ಟ್ರದ ಅಹ್ಮದ್‌ನಗರ, ಈಗಿನ ಅಹಿಲ್ಯಾನಗರ. ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ 1994ರದ್ದು. ಒಂದೇ ಕಾಂಪೌಂಡಿನಲ್ಲಿ ಅಷ್ಟು ಟ್ಯಾಂಕು ನಮ್ಮ ದೇಶದಲ್ಲಿ ಬೇರೆಲ್ಲೂ ನೋಡಲು ಸಿಗುವುದಿಲ್ಲ.

ಹೋಗುವಾಗ ಅಳತೆ ಟೇಪು, ಬಿಳಿ ಕಾಗದ, ಟಾರ್ಚು ಇಟ್ಟುಕೊಳ್ಳಿ. ಅಳೆಯುವ ಮುಂಚೆ ಅಲ್ಲಿನವರನ್ನು ಒಂದು ಮಾತು ಕೇಳಿ. ಫೋಟೊ ತೆಗೆಯುವಾಗ ಪ್ರತಿ ಭಾಗದ ಪಕ್ಕ ಟೇಪು ಹಿಡಿಸಿ. ನನ್ನ ಮಗಳು ಟೇಪು ಹಿಡಿದು ಹಿಡಿದು ಕೊನೆಗೆ ಐಸ್‌ಕ್ರೀಮ್ ಬೇಕು ಅಂತ ಸ್ಟ್ರೈಕ್ ಮಾಡಿದ್ದಳು. ಎರಕದ ಟರೆಟ್ ಮೈ ಒರಟಾಗಿರುತ್ತದೆ, ಇಡ್ಲಿ ತಟ್ಟೆಯ ಹಾಗೆ ನುಣುಪಲ್ಲ. ಅದನ್ನು ಅಂಗೈಯಲ್ಲಿ ಸವರಿ ನೋಡಿ. ಬೆಸುಗೆಯ ಗೆರೆ ಎಷ್ಟು ದಪ್ಪ, ಚೈನಿನ ಪಿನ್ನು ಯಾವ ಕಡೆಯಿಂದ ಬಡಿದಿದ್ದಾರೆ, ಮಡ್‌ಗಾರ್ಡಿನ ತಗಡು ಎಲ್ಲಿ ಸೊಟ್ಟಗಾಗಿದೆ, ಇವು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಆದರೆ ಅಲ್ಲಿ ಕಾಣುವುದೆಲ್ಲ ನಿಮ್ಮ ದಿನದ್ದಲ್ಲ. ಸೇವೆ ಮುಗಿಸಿ ಬಂದ ಗಾಡಿ ಅದು, ಕೊನೆಯ ಕಾಲದ ವೇಷದಲ್ಲಿ ನಿಂತಿರುತ್ತದೆ. ಟಿ-55 ಆಗಿದ್ದರೆ ತೋಪು 105 ಆಗಿರಬಹುದು, ಆ ಉಬ್ಬು ಎಣಿಸಿ. ಹ್ಯಾಚ್‌ಗಳನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ. ದೀಪ, ಸಲಕರಣೆ, ಪೆಟ್ಟಿಗೆ ಮಾಯವಾಗಿರುತ್ತವೆ. ಬಣ್ಣವಂತೂ ಸುಳ್ಳೇ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ ಬಂದಾಗ ಬಣ್ಣದ ಅಂಗಡಿಯ ಎನಾಮೆಲ್ ಒಂದು ಕೋಟು ಬೀಳುತ್ತದೆ. ಆಕಾರ ಅಲ್ಲಿಂದ ತನ್ನಿ, ಬಣ್ಣ ತರಬೇಡಿ.

ಇನ್ನೊಂದು ಮಾತು. ಕಂಟೋನ್ಮೆಂಟು, ರೈಲಿನ ಮೇಲೆ ಹೋಗುವ ಟ್ಯಾಂಕು, ಸೇನೆಯ ಗೇಟು, ಇಲ್ಲೆಲ್ಲ ಮೊಬೈಲ್ ಎತ್ತಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯಿದೆ ಇನ್ನೂ ಜೀವಂತ ಇದೆ. ಹವ್ಯಾಸಕ್ಕೆ ಅಂತ ಹೇಳಿದರೆ ಪೊಲೀಸರು ಕೇಳಿಸಿಕೊಳ್ಳುವುದಿಲ್ಲ.

ಕೇಳುವುದು

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಸೈನ್ಯದಿಂದ ಬಂದವರು ಊರಿಗೊಬ್ಬರಾದರೂ ಇದ್ದಾರೆ. ಟ್ಯಾಂಕು ಓಡಿಸಿದವರೇ ಬೇಕು ಅಂತಿಲ್ಲ. ಟ್ಯಾಂಕು ರಿಪೇರಿ ಮಾಡುತ್ತಿದ್ದ, ಸೈನ್ಯದ ಇ.ಎಂ.ಇ. ವಿಭಾಗದವರು ಸಿಕ್ಕರೆ ಇನ್ನೂ ಒಳ್ಳೆಯದು. ಓಡಿಸಿದವರು ಯುದ್ಧದ ಕಥೆ ಹೇಳುತ್ತಾರೆ, ಬಿಚ್ಚಿ ಜೋಡಿಸಿದವರು ನಟ್ಟು ಬೋಲ್ಟಿನ ಕಥೆ ಹೇಳುತ್ತಾರೆ. ನಮಗೆ ಬೇಕಾದ್ದು ಎರಡನೆಯದು.

ಬರಿಗೈಯಲ್ಲಿ ಹೋಗಿ "ಏನಾದ್ರೂ ಹೇಳಿ ಸರ್" ಅಂದರೆ ಏನೂ ಸಿಗುವುದಿಲ್ಲ. ಫೋಟೊವನ್ನು ಎ3 ಕಾಗದದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿ, ಗೊತ್ತಿಲ್ಲದ ಜಾಗಕ್ಕೆ ಸುತ್ತು ಹಾಕಿಕೊಂಡು ಹೋಗಿ. ಆಗ ಅವರ ಬೆರಳೇ ಮಾತಾಡುತ್ತದೆ. ಇಸವಿ, ತಾರೀಖು ಕೇಳಬೇಡಿ, ಐವತ್ತು ವರ್ಷದ ಮೇಲೆ ಅದು ಕಲಸಿಹೋಗಿರುತ್ತದೆ. "ಬೆಳಗ್ಗೆ ಎದ್ದು ಗಾಡೀಲಿ ಮೊದಲು ಏನು ಮಾಡ್ತಿದ್ರಿ?" ಅಂತ ಕೇಳಿ. ಕೈ ಮಾಡಿದ ಕೆಲಸ ಮರೆಯುವುದಿಲ್ಲ. ಸತ್ತವರ ಬಗ್ಗೆ ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ. ಈಗಿನ ಸೈನ್ಯದ ವಿಷಯವಂತೂ ಕೇಳಲೇಬೇಡಿ. ಅವರು ಹೇಳಿದ್ದೆಲ್ಲ ಎರಡನೇ ಕಾಲಂಗೆ ಹೋಗಲಿ, ಫೋಟೊದಲ್ಲಿ ಕಂಡ ಮೇಲೆ ಮೊದಲನೆಯದಕ್ಕೆ.

ಬಣ್ಣ, ಗುರುತು

ಇದರ ಮೇಲೆ ಜಗಳ ಆಡುವಷ್ಟು ಇನ್ಯಾವುದರ ಮೇಲೂ ಆಡುವುದಿಲ್ಲ ನಾವು. ಆಗಿನ ನಮ್ಮ ಗಾಡಿಗಳದ್ದು ಗಾಢ ಹಸಿರು. ಅದರ ಸರಿಯಾದ ಛಾಯೆ ಫೋಟೊದಲ್ಲಿ ಹುಡುಕಬೇಡಿ. ಕಪ್ಪು ಬಿಳುಪಿನಲ್ಲಿ ಕೆಂಪು, ಹಸಿರು ಎರಡೂ ಬೂದು ಬಣ್ಣವೇ. ಬಣ್ಣದ ಫೋಟೊ ಆದರೆ ಹಳೇ ಮದುವೆ ಆಲ್ಬಮ್ ನೆನಪಿಸಿಕೊಳ್ಳಿ, ಎಲ್ಲರ ಮುಖವೂ ಕೆಂಪಗೆ ತಿರುಗಿರುತ್ತದೆ ಅಲ್ವಾ. ಟ್ಯಾಂಕಿಗೂ ಅದೇ ಗತಿ. ಈಗ ಕಂಪ್ಯೂಟರ್ ಬಣ್ಣ ತುಂಬಿದ ಫೋಟೊ ಬರುತ್ತವೆ. ಆ ಬಣ್ಣ ಯಂತ್ರದ ಊಹೆ, ನೇರವಾಗಿ ಮೂರನೇ ಕಾಲಂ.

ಗುರುತಿನಲ್ಲಿ ನೋಡಬೇಕಾದ್ದು: ನೋಂದಣಿ ಸಂಖ್ಯೆಯ ಜೊತೆ ಮೇಲ್ಮುಖದ ಬಾಣ, ಸೇತುವೆ ತಾಳುವ ತೂಕ ಹೇಳುವ ಹಳದಿ ಬಿಲ್ಲೆ, ಡಿವಿಷನ್ನಿನ ಚಿಹ್ನೆ, ಟರೆಟ್ ಮೇಲಿನ ಸ್ಕ್ವಾಡ್ರನ್ (ರೆಜಿಮೆಂಟಿನ ಒಂದು ತುಕಡಿ) ಆಕಾರ. ಬ್ರಿಟಿಷರ ಕಾಲದ ರೂಢಿಯಲ್ಲಿ ಎ ಸ್ಕ್ವಾಡ್ರನ್ ಅಂದರೆ ತ್ರಿಕೋನ, ಬಿ ಚೌಕ, ಸಿ ವೃತ್ತ. ಫೋಟೊದಲ್ಲಿ ಸಂಖ್ಯೆ ಓದಲು ಬಾರದಿದ್ದರೆ ಹುಟ್ಟಿಸಿ ಬರೆಯಬೇಡಿ. ಅದರ ಮೇಲೆ ಗಾಡಿ ಮರೆಮಾಚುವ ಬಲೆಯೋ ಕೆಸರೋ ಬೀಳಲಿ. ಯುದ್ಧದಲ್ಲಿ ಬೀಳದೆ ಇರುತ್ತಾ?

ಮಣ್ಣು

ಇಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದ್ದೆ. ಅರಸೀಕೆರೆ ರಸ್ತೆಯ ಪಕ್ಕದ ಕೆಮ್ಮಣ್ಣು ತಂದು, ಅಮ್ಮನ ರವೆ ಜರಡಿಯಲ್ಲಿ ಅವರಿಗೆ ಗೊತ್ತಾಗದಂತೆ ಜರಡಿ ಹಿಡಿದು, ಚೈನಿಗೆಲ್ಲ ಮೆತ್ತಿದ್ದೆ. ಟ್ಯಾಂಕು ಢಾಕಾ ಬಿಟ್ಟು ಬಾಣಾವರದ ಸಂತೆಗೆ ಹೊರಟ ಹಾಗಿತ್ತು. ಬಂಗಾಳದ ಮುಖಜ ಭೂಮಿ ನದಿ ತಂದು ಹಾಕಿದ ಬೂದು ಮೆಕ್ಕಲು. ಡಿಸೆಂಬರ್ ಅಂದರೆ ಮಳೆ ನಿಂತು ತಿಂಗಳಾಗಿರುತ್ತದೆ, ಭತ್ತ ಕೊಯ್ದು ಕೂಳೆ ಉಳಿದಿರುತ್ತದೆ. ಹಾಗಾಗಿ ಮೈಮೇಲೆ ಒಣ ಬೂದು ಧೂಳು, ಹೊಳೆ ದಾಟಿದ್ದರೆ ಮಾತ್ರ ಚಕ್ರದಲ್ಲಿ ಹಸಿ ಕೆಸರು. ಹೇಮಾವತಿಯ ದಡದ ಮೆಕ್ಕಲು ಬಣ್ಣಕ್ಕೆ ಹತ್ತಿರ ಬರುತ್ತದೆ.

ಮಣ್ಣಿನ ಕಣದ ಲೆಕ್ಕವೂ ಇದೆ. ಅರ್ಧ ಮಿ.ಮೀ. ಕಣ 35 ಪಟ್ಟು ಆದರೆ ಹದಿನೇಳೂವರೆ ಮಿ.ಮೀ., ಅಂದರೆ ಜಲ್ಲಿಕಲ್ಲು. ರವೆ ಜರಡಿ ಸಾಲದು. ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿದ ಹಿಟ್ಟಿನಂಥ ಪುಡಿ ಬೇಕು. ಬಟ್ಟೆಯನ್ನು ಹೆಂಡತಿಗೆ ಹೇಳಿಯೇ ತಗೊಳ್ಳಿ.

ಬ್ಯಾರೆಲ್ ಬಿಚ್ಚಿದೆ. ಕಿಟ್ಟಿನ ಹಳೇ ಪ್ಲಾಸ್ಟಿಕ್ ಬ್ಯಾರೆಲ್ಲೇ ಹಾಕಿ, ಬಾಲ್‌ಪೆನ್ನಿನ ಕೊಳವೆ ಕತ್ತರಿಸಿ ನಡುವಿನ ಡೂಪು ಮಾಡಿದೆ. ಮಣ್ಣು ತೊಳೆದು ಬೂದು ಬಣ್ಣ ಕೊಟ್ಟೆ. ಹೋದ ತಿಂಗಳು ಹವಾಲ್ದಾರರು ಪೆನ್ಷನ್ ಕಾಗದ ಜೆರಾಕ್ಸ್ ಮಾಡಿಸಲು ಬಂದಾಗ ಮತ್ತೆ ಮುಂದಿಟ್ಟೆ. ಬ್ಯಾರೆಲ್ ನೋಡಿದರು, ಚಕ್ರ ನೋಡಿದರು, ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಎಲ್ಲ ಸರಿ ಐತೆ. ಬಕೆಟ್ ಎಲ್ಲಿ?"

"ಬಕೆಟ್ಟಾ ಸಾರ್?"

"ಮುಖ ತೊಳೆಯಾಕೆ, ಟೀ ಕಾಸಾಕೆ ನೀರು ಎಲ್ಲಿಂದ ತರ್ತೀಯ? ಬಕೆಟ್ ಇಲ್ದೆ ಗಾಡಿ ಹೊರಡಲ್ಲ ಕಣಪ್ಪ."

ಫೋಟೊ ತೆಗೆದು ನೋಡಿದೆ. ಹಿಂದಿನ ಎಡ ಮೂಲೆಯಲ್ಲಿ, ಬಲೆಯ ಕೆಳಗೆ, ಅರ್ಧ ಬಕೆಟ್ ಕಾಣುತ್ತಿದೆ. 30 ಸೆಂ.ಮೀ. ಎತ್ತರದ್ದು ಅಂತ ಹಿಡಿದರೆ ಮಾಡೆಲ್‌ನಲ್ಲಿ ಎಂಟೂವರೆ ಮಿ.ಮೀ. ಟೂತ್‌ಪೇಸ್ಟ್ ಟ್ಯೂಬಿನ ತಗಡು ಕತ್ತರಿಸಿ ಸುತ್ತಿ ಇಟ್ಟಿದ್ದೇನೆ. ಹಿಡಿ ಇನ್ನೂ ಹಾಕಿಲ್ಲ.